ತೋಳಿನಲ್ಲಿ ಉಳಿಸಿದ ಎರಡು

ಸಿಂಚನಾ, ಮಲ್ಲು, ನಮ್ಮ ಎದುರು ಮನೆಯ ವಸ್ತಾದರ ಬಲಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ನೀರಿನ ಚೊಂಬು ಕೊಟ್ಟರೂ ಮೊಣಕೈ ಮಡಚಿಕೊಂಡೇ ಚಾಚುತ್ತಿದ್ದರು. ಊರ ಗರಡಿಮನೆಯಲ್ಲಿ ಹುಡುಗರಿಗೆ ದಂಡ ಹೊಡೆಯುವುದು, ಗದೆ ತಿರುಗಿಸುವುದು ಕಲಿಸುತ್ತಿದ್ದವರು ಅವರು. ಪ್ರಾಯದಲ್ಲಿ ಕಂಪ್ಲಿಯ ಕುಸ್ತಿಯ ಹಿಂದಿನ ದಿನ ಯಾರ ಮೇಲೋ ಹಟಕ್ಕೆ ಬಿದ್ದು, ತೋಳು ನಡುಗಿದರೂ ನಿಲ್ಲಿಸದೆ ದಂಡ ಹೊಡೆದು ಆ ಕೈ ಕೆಡಿಸಿಕೊಂಡಿದ್ದರಂತೆ. ಹೊಸ ಹುಡುಗರಿಗೆ ಮೊದಲು ಅದನ್ನೇ ತೋರಿಸುತ್ತಿದ್ದರು. "ನೋಡ್ರಲೇ, ಇದು ಪೈಲ್ವಾನನ ಕೈ ಅಲ್ಲ, ಹುಚ್ಚನ ಕೈ."

ಅದಿರಿನ ಲಾರಿಗಳ ಧೂಳಿಗೆ ನಮ್ಮೂರು ಗಾದಿಗನೂರಿನ ಗೋಡೆಗಳೆಲ್ಲ ಕೆಂಪಾಗಿದ್ದ ಕಾಲ ಅದು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಸಂಡೂರಿನ ಗುಡ್ಡಕ್ಕೆ ಅದಿರು ಒಡೆಯಲು ಹೋಗುತ್ತಿದ್ದೆ. ಹಿಂದೆ ಬಿದ್ದವರನ್ನು ಮೇಸ್ತ್ರಿ ಮರುದಿನ ಲಾರಿ ಹತ್ತಿಸುತ್ತಿರಲಿಲ್ಲ. ಆ ಅಂಜಿಕೆಗೆ ಬೆಳಿಗ್ಗೆಯೆಲ್ಲ ಒಂದೇ ಸಮನೆ ಸುತ್ತಿಗೆ ಬೀಸುತ್ತಿದ್ದೆ. ಮಧ್ಯಾಹ್ನಕ್ಕೆ ಕೈ ಮೇಲೇಳುತ್ತಿರಲಿಲ್ಲ.

ಒಂದು ಸಂಜೆ ನಲ್ಲಿಯ ಹತ್ತಿರ ತುಂಬಿದ ಕೊಡ ಎತ್ತಲಾರದೆ ಕೈಬಿಟ್ಟೆ. ವಸ್ತಾದರು ಜಗಲಿಯಿಂದ ನೋಡಿದರು.

"ಯವ್ವಾ, ಕೈ ಸತ್ತೈತಲ್ಲ ನಿಂದು. ಮುಂಜಾನಿಗೇ ಎಲ್ಲಾ ಖಾಲಿ ಮಾಡ್ಕೊಂತೀಯೇನು?"

ನಾನು ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ.

"ನಿಮ್ಮ ಹುಡುಗ್ರಿಗೆ ಬೈದಂಗ ಬೈಬ್ಯಾಡ್ರಿ, ಓಡಿ ಹೋದಾಳು," ಎಂದು ಅವರ ಹೆಂಡತಿ ನಕ್ಕು ನನ್ನನ್ನು ಹಿತ್ತಿಲಿಗೆ ಕರೆದರು.

ಅಂದಿನಿಂದ ಹಿತ್ತಿಲಲ್ಲಿ, ಆಕೆ ಅಕ್ಕಿ ಆರಿಸುತ್ತ ಕೂತಿರುವಾಗ, ವಸ್ತಾದರು ನನಗೆ ತೋಳಿನ ಸಾಧನೆ ಹೇಳಿಕೊಡತೊಡಗಿದರು. ಮೊದಲು ಗೋಡೆಗೆ ಅಂಗೈ ಊರಿ ಮೈ ತಳ್ಳುವುದು. ಒಂದು ತಿಂಗಳಾದ ಮೇಲೆ ಗರಡಿಯ ಅತಿ ಹಗುರಾದ ಮರದ ಗದೆ ತಂದುಕೊಟ್ಟರು. ಅದು ಹನುಮಪ್ಪನ ಮುಂದೆ ಇಡುವ ಸಾಮಾನು, ಹೆಂಗಸರು ಮುಟ್ಟುವಂತಿಲ್ಲ. "ಹನುಮಪ್ಪಗ ನಾ ಹೇಳ್ಕೊಂತೀನಿ, ನೀ ತಿರುವು," ಎಂದರು. ಹತ್ತು ಸಲ ಆಗುವ ಶಕ್ತಿ ಇದ್ದರೆ ಎಂಟಕ್ಕೇ ನಿಲ್ಲಿಸಬೇಕು. "ಎರಡು ತೋಳಿನಾಗ ಇರ್ಲಿ. ಅವು ಮುಂದಿನ ಸರ್ತಿಗೆ." ಮೂರು ಉಸಿರು, ಮತ್ತೆ ಎಂಟು.

ಗುಡ್ಡದಲ್ಲೂ ಎಂಟು ಏಟಿಗೊಮ್ಮೆ ನಿಲ್ಲತೊಡಗಿದೆ. "ಏನವ್ವಾ ದೊರೆಸಾನಿ, ಉಸಿರು ಎಣಸಾಕ ಬಂದೀಯೇನು?" ಎಂದು ಮೇಸ್ತ್ರಿ ಚುಚ್ಚಿದ. ಸಂಜೆ ನಾನು ಒಡೆದ ಅದಿರಿನ ಗುಡ್ಡೆ ಉಳಿದವರದಕ್ಕಿಂತ ಒಂದು ಗೇಣು ಎತ್ತರವಿತ್ತು. ಮತ್ತೆ ಅವನು ಬಾಯಿ ಬಿಡಲಿಲ್ಲ. ನಿಮ್ಮಪ್ಪ ಶಾಲೆ ಬಿಡದೆ ಉಳಿದದ್ದು ಆ ಕೈಗಳಿಂದ.

ಗರಡಿಯ ಮಣ್ಣು ಹದ ಮಾಡುವ ದಿನ ಸಾಮಾನು ಎಣಿಸಿದಾಗ ಒಂದು ಗದೆ ಕಡಿಮೆ ಬಂತು. ಹಿರಿಯರು ನಾಲ್ವರು ವಸ್ತಾದರ ಅಂಗಳಕ್ಕೆ ಬಂದರು. ವಿಧವೆಯೊಬ್ಬಳು ಅವರ ಹಿತ್ತಿಲಿಗೆ ದಿನಾ ಹೋಗುತ್ತಾಳೆಂಬ ಮಾತು ಓಣಿಯಲ್ಲಿ ಆಗಲೇ ಎದ್ದಿತ್ತು.

"ಎದುರು ಮನಿ ಆಕೀಗೆ ಕೈ ನೋವಿಗಂತ ಕೊಟ್ಟೀನಿ," ಎಂದರು ವಸ್ತಾದರು. "ಬೇಕಾದ್ರ ಆಕೀನ್ನ ಕೇಳ್ರಿ."

ಹಿರಿಯರೊಬ್ಬರು ನನ್ನ ಬಾಗಿಲಿಗೆ ಬಂದರು. "ಖರೇ ಏನವ್ವಾ?"

ಓಣಿಗೆ ಓಣಿಯೇ ನೋಡುತ್ತಿತ್ತು. "ನಾ ಅವರ ಮನಿಗೆ ಹೋಗಿಲ್ರಿ. ಗದಾ ನೋಡೇ ಇಲ್ರಿ," ಎಂದೆ.

ವಸ್ತಾದರ ಹೆಂಡತಿ ಬಾಗಿಲಿಂದ ಮುಂದೆ ಬಂದು ಏನೋ ಹೇಳಹೊರಟರು. ವಸ್ತಾದರು ಆ ಮಡಚಿದ ಕೈ ಎತ್ತಿ ಆಕೆಯನ್ನು ತಡೆದರು. "ಆಕಿ ಹೇಳಿದ್ದೇ ಇರ್ಲಿ ಬಿಡ್ರಿ," ಎಂದು ಸೊಂಟದಲ್ಲಿದ್ದ ಗರಡಿಯ ಬೀಗದ ಕೈ ಬಿಚ್ಚಿ ಹಿರಿಯರಿಗೆ ಕೊಟ್ಟರು. ಸುಳ್ಳುಗಾರ ಎನಿಸಿಕೊಂಡದ್ದು ಅವರು.

ಮರುದಿನ ನಲ್ಲಿಯ ಹತ್ತಿರ ಎಂದಿನಂತೆ ಕೇಳಿದರು. "ತೋಳು ಹೆಂಗದಾವವ್ವಾ?" ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಅವರು ಗರಡಿಯ ಮೆಟ್ಟಿಲು ತುಳಿಯಲಿಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡರು. ವಸ್ತಾದರು ಸತ್ತರೆ ಎದೆಯ ಮೇಲೆ ಗರಡಿಯ ಹಿಡಿ ಮಣ್ಣು ಇಡುವ ಪದ್ಧತಿ ನಮ್ಮ ಊರಿನದು. ಯಾರೂ ತರಲಿಲ್ಲ. ಹೆಂಗಸರ ಗುಂಪಿನಲ್ಲಿ ನಿಂತಿದ್ದ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಅಂದೂ ಆಡಲಿಲ್ಲ.

ಇದನ್ನು ಬರೆಯುವಾಗಲೂ ಎಂಟು ಸಾಲಿಗೊಮ್ಮೆ ಪೆನ್ನು ಕೆಳಗಿಟ್ಟು ಉಸಿರು ತೆಗೆದುಕೊಂಡಿದ್ದೇನೆ. ಗದೆ ನಾನು ಹಿಡಿದಿದ್ದೆ, ಮಕ್ಕಳೇ. ಅವರು ಹೇಳಿದ್ದು ನಿಜ. ಈ ಹಾಳೆಗಳಿಗೆ ನೀರು ತಾಗದಂತೆ ಇಟ್ಟುಕೊಳ್ಳಿ. ನಾನು ಹೋದ ಮೇಲೆ ಗರಡಿಯವರಿಗೆ ಒಮ್ಮೆ ಓದಿ ಹೇಳಿ, ಮತ್ತೆ ತಂದು ಜೋಪಾನವಾಗಿ ಇಡಿ.