ಹಸಿರಾಗಿ ಹೊಳೆದದ್ದು

ಮೂರನೇ ಸಲ ನನ್ನ ಕಣ್ಣು ಹಳದಿಯಾದಾಗ ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಶಿರಾಳಕೊಪ್ಪದ ಸಂತೇಲಿ ಏನು ತಿಂದೆ, ನಿಜ ಹೇಳು."

ಒಂದು ಮಿರ್ಚಿ ಬಜ್ಜಿ ತಿಂದಿದ್ದೆ. ಕಾಮಾಲೆಗೆ ನಾಟಿ ಔಷಧಿ ಕುಡಿದವರು ಉಪ್ಪು, ಎಣ್ಣೆ, ಒಗ್ಗರಣೆ ಮುಟ್ಟಬಾರದೆಂಬುದು ನಮ್ಮ ಉಳವಿ ಕಡೆಯ ಕಟ್ಟುನಿಟ್ಟು. ಹಿಂದಿನ ಎರಡು ಸಲವೂ ಸಪ್ಪೆ ಗಂಜಿ ಕುಡಿದೇ ದಿನ ದೂಡಿದ್ದೆ. ಮತ್ತೆ ಬಂತೆಂದರೆ ಪಥ್ಯ ಮುರಿದಿರಲೇಬೇಕು ಎಂದು ಅತ್ತೆಯ ತೀರ್ಮಾನ. ಸಿಟ್ಟು ನೆತ್ತಿಗೇರಿದರೂ ಒಳಗೊಳಗೆ ನಾನೂ ಅದನ್ನೇ ನಂಬಿದ್ದೆ. ಹೋಗಿ ಹೋಗಿ ಒಂದು ಬಜ್ಜಿಗಾಗಿ ಸಾಯಬೇಕೇ ಎಂದು ಅತ್ತದ್ದೂ ಉಂಟು. ಕಾಲು ಊದಿಕೊಂಡಾಗ ಮಾತ್ರ ನನ್ನ ಗಂಡ ಯಾರ ಮಾತೂ ಕೇಳದೆ ಶಿವಮೊಗ್ಗದ ಬಸ್ಸು ಹತ್ತಿಸಿದರು.

ಕಾಮಾಲೆ ತರುವ ವೈರಸ್‌ಗಳ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರಮ್ಮ ಮತ್ತೆ ರಕ್ತ ತೆಗೆಸಿದರು. ರೋಗದ ಮೇಲೆ ಬೀಳಬೇಕಾದ ಪ್ರತಿಕಾಯಗಳು ಕೆಲವರಲ್ಲಿ ಸ್ವಂತ ಮೈಮೇಲೇ ತಿರುಗಿಬೀಳುತ್ತವಂತೆ. ಇದು ಅವನ್ನು ಹುಡುಕುವ ಪರೀಕ್ಷೆ.

ವರದಿ ಬಂದ ದಿನ ಅವರು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಇಲಿಯ ಜಠರದ ತೀರಾ ತೆಳುವಾದ ಚೂರಿನ ಮೇಲೆ ನನ್ನ ರಕ್ತದ ತಿಳಿಯನ್ನು ಹನಿಸಿ, ತೊಳೆದು, ಮೇಲೆ ಹೊಳೆಯುವ ಬಣ್ಣದ ದ್ರವ ಹಾಕಿದ್ದರಂತೆ. ಪ್ರತಿಕಾಯವಿದ್ದರೆ ಅಂಟಿಕೊಂಡು ಬೆಳಗುತ್ತದೆ. ಕಪ್ಪಿನ ನಡುವೆ ಹಸಿರು ಎಳೆಗಳು ಝಗಝಗಿಸುತ್ತಿದ್ದವು. ಮನೆಯಲ್ಲಿ ಯಾರೂ ಊಹಿಸದ್ದು ಅಲ್ಲಿ ದೀಪ ಹಚ್ಚಿಕೊಂಡು ಕೂತಿತ್ತು! ವರ್ಷವಿಡೀ ನಾನು ಶಾಪ ಹಾಕುವ ಇಲಿಯೇ ನನ್ನ ಪರ ಸಾಕ್ಷಿ ಹೇಳುತ್ತಿತ್ತು.

"ಬಜ್ಜಿಯಿಂದ ಅಲ್ವಾ ಮೇಡಂ?" ಎಂದೆ.

"ನೀವು ತಿಂದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ರೀ. ಆದ್ರೆ ಇದೊಂದನ್ನೇ ನಂಬೋ ಹಾಗಿಲ್ಲ, ಲಿವರಿನ ಚೂರೂ ತೆಗೆದು ನೋಡ್ಬೇಕು."

ಅದನ್ನೂ ನೋಡಿದರು. ನನ್ನ ಮೈಯೇ ನನ್ನ ಲಿವರಿನ ಮೇಲೆ ತಿರುಗಿಬಿದ್ದದ್ದು ಖಾತ್ರಿಯಾಯಿತು, ಮಾತ್ರೆ ಶುರುವಾಯಿತು. ಇನ್ನೂ ತಡ ಮಾಡಿದ್ದರೆ ಲಿವರ್ ಕೈಕೊಡುತ್ತಿತ್ತು ಎಂದರು.

ಆ ಚಿತ್ರವನ್ನು ನನ್ನ ಗಂಡ ಮೊಬೈಲಿನಲ್ಲಿ ಹಿಡಿದು ತಂದಿದ್ದರು. ಮನೆಗೆ ಬಂದ ಮೇಲೆ, ತಿಂದದ್ದರಿಂದ ಬಂದದ್ದಲ್ಲ, ಲಿವರನ್ನು ಹಾಳು ಮಾಡುತ್ತಿದ್ದದ್ದು ಇದು ಎಂದು ಹೇಳಿ ಅತ್ತೆಗೆ ತೋರಿಸಿದರು. ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಚಂದ ಅದೆಯಲ್ಲೇ, ನಿನ್ನ ತಿಂತಿದ್ದದ್ದು," ಎಂದರು. ಆಮೇಲೆ ನನ್ನ ಮುಖ ನೋಡದೆ, "ನಾನು ನಿನ್ನ ತಟ್ಟೆ ಕಾಯ್ತಾ ಕೂತಿದ್ದೆ," ಎಂದರು.