ಕೊರಗಪ್ಪನ ಕರಿಬೇವಿಗೆ ಬಾರದ ಚಿಟ್ಟೆ

ಕೊರಗಪ್ಪನಷ್ಟು ಚೊಕ್ಕಟದ ಮನುಷ್ಯ ಅರಬರ ನಾಡಿನ ಇಡೀ ಇಬ್ರಿ ಪೇಟೆಯಲ್ಲಿ ಇನ್ನೊಬ್ಬ ಇರಲಿಲ್ಲ ಮಾರಾಯ್ರೆ. ಮೂಲ್ಕಿಯವ, ಒಂದು ಕಂಪೆನಿಯ ಸ್ಟೋರ್‌ಕೀಪರ್. ನಟ್ಟು ಬೋಲ್ಟನ್ನೂ ಒರೆಸಿಯೇ ಕೊಡುವ ಜಾತಿ. ಅಂಥವನ ಜೀವ ಒಂದು ಚಿಟ್ಟೆಗಾಗಿ ಹಾತೊರೆಯಿತು ಅಂದರೆ ನಂಬುತ್ತೀರಾ?

ಮೊದಲು ಅವರ ಸಂಸಾರ ರಾಜಧಾನಿಯ ಅಲ್ ಖುವೈರ್ ಬಡಾವಣೆಯ ಫ್ಲ್ಯಾಟಿನಲ್ಲಿತ್ತು. ಹೆಂಡತಿ ಕುಸುಮ ಊರಿನಿಂದ ತಂದ ಕರಿಬೇವಿನ ಗಿಡ ಬಾಲ್ಕನಿಯಲ್ಲಿ, ಹಾಲಿನ ಪುಡಿಯ ಡಬ್ಬದಲ್ಲಿ. ಅದಕ್ಕೆ ಒಂದು ಚಿಟ್ಟೆ ಬರುತ್ತಿತ್ತು. ಕಪ್ಪು ರೆಕ್ಕೆ, ಅದರ ತುಂಬ ತಿಳಿಹಳದಿ ಚುಕ್ಕೆ; ನಮ್ಮೂರ ನಿಂಬೆಗಿಡದ ಸುತ್ತ ಸುಳಿಯುವುದೇ ಅದು. ಕಂಡರೆ ಸಾಕು, ಮಗಳು ಮೋಹಿನಿ ಉಣ್ಣುವ ಬಟ್ಟಲು ಬಿಟ್ಟು ಓಡುತ್ತಿದ್ದಳು.

ಎಂಬತ್ತೇಳರಲ್ಲಿ ಒಳನಾಡಿನ ಇಬ್ರಿಗೆ ವರ್ಗವಾಯಿತು. ಗಿಡವೂ ಜೊತೆಗೆ ಹೋಯಿತು, ಆದರೆ ಆ ಚಿಟ್ಟೆ ಅಲ್ಲಿಗೆ ಇನ್ನೂ ಬಂದಿಲ್ಲ ಅಂದರು. ಮೋಹಿನಿಯನ್ನು ಓದಿಗೆಂದು ಊರಿಗೆ, ಅಜ್ಜಿಯ ಹತ್ತಿರ ಕಳಿಸಿದರು. ಏರ್‌ಪೋರ್ಟಿನಲ್ಲಿ ತಾಯಿಯ ಸೆರಗು ಬಿಡದೆ ಅತ್ತ ಮಗುವಿಗೆ ಕೊರಗಪ್ಪ ಹೇಳಿದ: "ಇಬ್ರಿಗೆ ಚಿಟ್ಟೆ ಬಂದ ಕೂಡಲೇ ಫೋನ್ ಮಾಡ್ತೇನೆ. ರಜೆಗೆ ಬಂದು ನೋಡುವಿಯಂತೆ."

ಅಲ್ಲಿಂದ ಗಂಡ ಹೆಂಡತಿ ಕಣ್ಣಿಗೆ ಎಣ್ಣೆ ಬಿಟ್ಟು ಕಾದರು. ಕಂಪೆನಿಯ ಪಿಕಪ್ ಓಡಿಸುವ ಸಿಪ್ರಿಯನ್ ವಾರವಾರ ಸುದ್ದಿ ತರುತ್ತಿದ್ದ. ಇಬ್ರಿಯ ದಾರಿಯಲ್ಲಿ, ನಿಜ್ವಾದ ನಿಂಬೆ ತೋಟದಲ್ಲಿ ಕಂಡೆ ಅಂದ. ಮರುವರ್ಷ, "ಬಹ್ಲಾದವರೆಗೂ ಬಂದಿದೆ ಕೊರಗಪ್ಪಣ್ಣ, ಇನ್ನೆಷ್ಟು ದೂರ!" ಅಂದ. ಇಬ್ರಿಯಲ್ಲಿ ಮಾತ್ರ ಊಹುಂ. ಊರಿಗೆ ಹೋದಾಗ ಮೋಹಿನಿ ಮೊದಮೊದಲು "ಚಿಟ್ಟೆ ಬಂತಾ ಅಪ್ಪ?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಮುನಿಸಿಕೊಂಡಿದ್ದಾಳೆ ಪಾಪ, ಅಂದುಕೊಂಡ ಕೊರಗಪ್ಪ.

ಗಿಡವೇನೋ ಇಬ್ರಿಯ ಅಂಗಳದಲ್ಲಿ ಆಳೆತ್ತರ ಬೆಳೆಯಿತು. ಶುಕ್ರವಾರ ರಜೆ ನೋಡಿ, ನಮ್ಮ ಕಡೆಯವರೆಲ್ಲ ಒಗ್ಗರಣೆಗೆ ಸೊಪ್ಪು ಕೇಳಿಕೊಂಡು ಬರುತ್ತಿದ್ದರು. ಎಲೆಯ ಮೇಲೆ ಹಕ್ಕಿ ಹಿಕ್ಕೆ ಇದ್ದರೆ ಕೊಡುವುದು ಹೇಗೆ? ಛೀ! ಕೊರಗಪ್ಪ ಬೆಳಿಗ್ಗೆ ಎದ್ದವನೇ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸುತ್ತಿದ್ದ. ಒಂದು ಶುಕ್ರವಾರವೂ ತಪ್ಪಿಸಿದವನಲ್ಲ.

ತೊಂಬತ್ತಮೂರರ ಒಂದು ಶುಕ್ರವಾರ ಬಟ್ಟೆಗೆ ಅಂಟಿದ ಹಿಕ್ಕೆ ಮೆಲ್ಲಗೆ ಹೊರಳಿತು. ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಹೊರಗೆ ಹಾಕಿತು. ಅಯ್ಯೋ ದೇವರೇ! ಹಿಕ್ಕೆಗೆ ಕೊಂಬು ಬರುವುದುಂಟಾ? ಹಿಕ್ಕೆಯಂತೆ ಕಾಣುವ ಆ ಮರಿಹುಳವನ್ನು ಅವನು ಮೆತ್ತಗೆ ಎಲೆಗೆ ದಾಟಿಸಿದ. ಅದು ಹಸಿರು ಹುಳವಾಯಿತು, ಕಡ್ಡಿಗೆ ನೇತುಬಿದ್ದು ಗೂಡಾಯಿತು, ಒಂದು ಬೆಳಿಗ್ಗೆ ಗೂಡೊಡೆದು ರೆಕ್ಕೆ ಬಿಡಿಸಿತು. ಕಪ್ಪು ರೆಕ್ಕೆ, ತಿಳಿಹಳದಿ ಚುಕ್ಕೆ.

ಕೊರಗಪ್ಪ ಅಂಗಳದಲ್ಲಿ ಕುಸಿದು ಕೂತ. "ಪ್ರತಿವರ್ಷ ಬಂದಿದೆ ಮಾರಾಯ್ತಿ. ನಾನೇ ಒರೆಸಿ ಒರೆಸಿ ಹಾಕಿದ್ದು," ಎಂದು ಗಟ್ಟಿಯಾಗಿ ಅತ್ತುಬಿಟ್ಟ. ಕುಸುಮ ಬೈಯಲಿಲ್ಲ. "ಏಳಿ, ಮಗಳಿಗೆ ಫೋನ್ ಮಾಡುವ," ಅಂದಳು.

ಬೂತಿನಲ್ಲಿ ಇಬ್ಬರೂ ಒತ್ತಿಕೊಂಡು ನಿಂತರು. ಲೈನ್ ಸಿಕ್ಕಿತು. "ಮಗಾ, ಚಿಟ್ಟೆ ಬಂತು! ಇಬ್ರಿಗೆ ಬಂತು!" ಎಂದು ಕೊರಗಪ್ಪ ಕೂಗಿದ.

"ಯಾವ ಚಿಟ್ಟೆ ಅಪ್ಪ?" ಅಂದಳು ಮೋಹಿನಿ. "ಟ್ಯೂಷನ್‌ಗೆ ಲೇಟ್ ಆಗ್ತಾ ಉಂಟು. ಸಂಡೇ ಮಾತಾಡುವ, ಬೈ." ಫೋನ್ ಇಟ್ಟಳು.

ಕುಸುಮ ಅವನ ಮುಖವನ್ನೇ ನೋಡುತ್ತಿದ್ದಳು. ಕೊರಗಪ್ಪ ರಿಸೀವರ್ ಕಿವಿಯಿಂದ ತೆಗೆಯಲಿಲ್ಲ. "ಹೌದಾ? ನೆನಪುಂಟಾ ನಿನಗೆ? ಹೂಂ, ರಜೆಗೆ ಬಾ ಮಗಾ, ತೋರಿಸ್ತೇನೆ," ಎಂದು ಹೇಳುತ್ತಲೇ ಹೋದ.

"ನನಗೂ ಕೊಡಿ ಸ್ವಲ್ಪ," ಎಂದು ಕುಸುಮ ಕೈ ಚಾಚಿದಳು.