ಅಮೀರರ ಕಚೇರಿಯ ಕೈರುಚಿ

ಫರಸಾನ್ ದ್ವೀಪದ ಆಡಳಿತ ನೋಡುವ ಅಮೀರರ ಕಚೇರಿಯ ಚರಿತ್ರೆಯನ್ನು ಯಾರಾದರೂ ರುಕಯ್ಯಾಳ ಬಳಿ ಕೇಳಿದ್ದರೆ ಅವಳು ಒಲೆಯಿಂದಲೇ ಶುರುಮಾಡುತ್ತಿದ್ದಳು. ಮೊದಲನೆಯದು ಸೀಮೆಎಣ್ಣೆ ಒಲೆಯ ಕಾಲ. ಆಗಿನ ಅಮೀರರಿಗೆ ಹಲ್ಲುನೋವು, ಮೀನಿನ ಮುಳ್ಳು ಬಿಡಿಸಿಯೇ ಕಳಿಸಬೇಕಿತ್ತು. ಆಮೇಲೆ ಬಂದದ್ದು ಗ್ಯಾಸಿನ ಕಾಲ; ಆ ಅಮೀರರಿಗೆ ಖಾರ ಕಡಿಮೆ, ನೆಂಟರು ಜಾಸ್ತಿ. ಆದರೆ ಅವಳನ್ನು ಯಾರೂ ಕೇಳಲಿಲ್ಲ. ಕೇಳಿದವರೆಲ್ಲ ಅವಳ ಗಂಡ ಪೊಡಿಯಬ್ಬನನ್ನು ಕೇಳಿದರು. ಅವನು ಜನರೇಟರಿನಿಂದ ಶುರುಮಾಡಿದ.

ಜನರೇಟರಿಗೆ ಅವನೇ ಮೆಕ್ಯಾನಿಕ್. ಉಚ್ಚಿಲದಿಂದ ಜಿದ್ದಾ, ಜಿದ್ದಾದಿಂದ ಜೀಝಾನ್ ಬಂದರು, ಅಲ್ಲಿಂದ ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಈ ದ್ವೀಪ. ಹೀಗೆ ಬಂದು ತಲುಪಿದಾಗ ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಕಚೇರಿಯೆಂದರೆ ಹಿಂದೊಮ್ಮೆ ಮುತ್ತಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಹವಳಕಲ್ಲಿನ ಮನೆ. ಮುಂಭಾಗದಲ್ಲಿ ಮಜ್ಲಿಸ್, ಅಂದರೆ ಅಮೀರರು ಗಂಡಸರನ್ನು ಕೂರಿಸಿಕೊಂಡು ಅಹವಾಲು ಕೇಳುವ ಪಡಸಾಲೆ. ಹಿಂಭಾಗದಲ್ಲಿ ಜನರೇಟರಿನ ಶೆಡ್ಡು. ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ರುಕಯ್ಯಾ, ಪೊಡಿಯಬ್ಬ, ಮಗಳು ಝೊಹರಾ.

ಒಂದು ದಿನ ಗಾಳಿ ಎದ್ದು ದೋಣಿ ಹೊರಡಲಿಲ್ಲ. ಜೀಝಾನಿನಿಂದ ಬಂದ ಅಧಿಕಾರಿಗಳು ಕಚೇರಿಯಲ್ಲೇ ಸಿಕ್ಕಿಬಿದ್ದರು. ಕಾಫಿ ಕೊಡುವವನಿದ್ದ, ಅಡುಗೆಯವನಿರಲಿಲ್ಲ. "ನಾನು ನೋಡಿಕೊಳ್ತೇನೆ" ಎಂದ ಪೊಡಿಯಬ್ಬ ನೆಟ್ಟಗೆ ಮನೆಗೆ ಬಂದು, "ಓ ಇವಳೇ, ಸ್ವಲ್ಪ ಜಾಸ್ತಿ ಅನ್ನ ಇಡು" ಎಂದ.

ಆ 'ಸ್ವಲ್ಪ ಜಾಸ್ತಿ' ಐದಾರು ವರ್ಷ ನಡೆಯಿತು. ಹುಣಸೆಹುಳಿ ಹಿಂಡಿ, ಒಣಕೊಬ್ಬರಿ ಹುರಿದು ಅರೆದು ಅವಳು ಮಾಡುತ್ತಿದ್ದ ಮೀನಿನ ಸಾರು ಮಜ್ಲಿಸಿಗೆ ಹೋಗುತ್ತಿತ್ತು. ಪಾತ್ರೆ ಖಾಲಿಯಾಗಿ ತೊಳೆಯಲು ವಾಪಸು ಬರುತ್ತಿತ್ತು. "ಪೊಡಿಯಬ್ಬಾ, ನಿನ್ನ ಕೈಗೆ ದೇವರು ಒಳ್ಳೆಯದು ಮಾಡಲಿ" ಎಂದು ಅತಿಥಿಗಳು ಹರಸುತ್ತಿದ್ದರು. ಅವನು ಸುಳ್ಳು ಹೇಳಿದವನಲ್ಲ. ಸುಮ್ಮನೆ ನಗುತ್ತಿದ್ದ, ಅಷ್ಟೆ.

"ನನ್ನ ಹೆಸರು ಹೇಳಿದರೆ ನಿಮ್ಮ ಬಾಯಿ ಸವೆಯುತ್ತದಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಎಂತ ಮಾತಾಡ್ತೀ ಮಾರಾಯ್ತಿ? ಇಲ್ಲಿ ಮಜ್ಲಿಸಿನಲ್ಲಿ ಕೂತು ಹೆಂಡತಿಯ ಸುದ್ದಿ ಎತ್ತುವ ಕ್ರಮ ಇಲ್ಲ. ಮರ್ಯಾದೆ ಹೋಗ್ತದೆ."

"ಹೆಂಡತಿಯ ಸುದ್ದಿ ಎತ್ತಬಾರದು. ಹೆಂಡತಿಯ ಮೀನು ಎತ್ತಿ ಎತ್ತಿ ತಿನ್ನಬಹುದು."

ಪೊಡಿಯಬ್ಬ ಅದಕ್ಕೂ ನಕ್ಕ.

ಹೆಸರಿನ ಆಸೆಯನ್ನು ಅವಳು ಅಲ್ಲಿಗೇ ಬಿಟ್ಟಳು. ಬಿಡಲಾಗದ್ದು ಬೇರೊಂದಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಸಾಯಂಕಾಲ ದೊಡ್ಡ ಹೆಂಗಸರಿಗೆ ಅರಬಿ ಓದುಬರಹ ಕಲಿಸುತ್ತಿದ್ದರು. ಖುರ್‌ಆನ್ ಓದುವಷ್ಟು ಅಕ್ಷರ ರುಕಯ್ಯಾಳಿಗೆ ಊರಿನ ಮದರಸದಲ್ಲೇ ಬಂದಿತ್ತು, ದ್ವೀಪದ ಮಾತೂ ಬಾಯಿಗೆ ಹತ್ತಿತ್ತು. ಆದರೆ ಮಗಳ ಔಷಧಿ ಬಾಟಲಿ ಹಿಡಿದರೆ ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಮೂರು ಸಲ ತರಗತಿಗೆ ಸೇರಿದಳು. ಮೂರು ಸಲವೂ ಸಾಯಂಕಾಲದ ದೋಣಿ ಅತಿಥಿಗಳನ್ನು ತಂದು ಸುರಿಯಿತು, ಅವಳು ಈರುಳ್ಳಿ ಹೆಚ್ಚಲು ಓಡಿಬಂದಳು.

ಹೀಗಿರುವಾಗ ದ್ವೀಪಕ್ಕೆ ಕರೆಂಟು ಬಂತು. ಕಚೇರಿಗೆ ಹೊಸ ಕಾಂಕ್ರೀಟ್ ಕಟ್ಟಡ ಎದ್ದಿತು. ಒಂದು ಮಧ್ಯಾಹ್ನ ಪೊಡಿಯಬ್ಬ ಮನೆಗೆ ಬಂದು, ಗೋಡೆಗೆ ಒರಗಿ ಕುಳಿತು, ತಲೆಯ ಮೇಲೆ ಕೈ ಇಟ್ಟುಕೊಂಡ.

"ಕೆಲಸ ಹೋಯ್ತಾ?"

"ಇಲ್ಲ. ಜನರೇಟರ್ ಬೇಡವಂತೆ. ಹೊಸ ಕಚೇರಿಯಲ್ಲಿ ದೊಡ್ಡ ಅಡುಗೆಮನೆ ಉಂಟಂತೆ." ಅವನ ದನಿ ಇಳಿಯಿತು. "ನನ್ನನ್ನು ಅಡುಗೆಯವನನ್ನಾಗಿ ಮಾಡಿದ್ದಾರೆ."

ರುಕಯ್ಯಾ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅನ್ನ ಬೆಂದಿದೆಯೋ ಇಲ್ಲವೋ ಎಂಬುದು ಜನರೇಟರಿನ ಸ್ಪಾನರಿಗೆ ಗೊತ್ತಿರುವಷ್ಟೂ ಗೊತ್ತಿಲ್ಲದ ಮನುಷ್ಯ!

"ನಗಬೇಡ. ಒಪ್ಪದಿದ್ದರೆ ಊರಿಗೆ ಟಿಕೆಟು. ನಾನು ಯೋಚನೆ ಮಾಡಿದ್ದೇನೆ. ನೀನು ಇಲ್ಲಿ ಮಾಡು. ನಾನು ಪಿಕಪ್ಪಿನಲ್ಲಿ ಬಟ್ಟೆ ಮುಚ್ಚಿ ಕೊಂಡೊಯ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ."

"ಸಂಬಳ ಯಾರ ಕೈಗೆ?"

"ನಮ್ಮ ಮನೆಗೇ ಅಲ್ವಾ?"

"ನನ್ನ ಸಾಯಂಕಾಲ?"

ಸಾಯಂಕಾಲವೆಂಬುದು ಹೆಂಡತಿಗೆ ಪ್ರತ್ಯೇಕವಾಗಿ ಇರುವ ವಸ್ತು ಎಂದು ಅವನಿಗೆ ಹೊಳೆದೇ ಇರಲಿಲ್ಲ.

"ಕಲಿಸುತ್ತೇನೆ, ಕಲಿತುಕೊಳ್ಳಿ. ಹಬ್ಬಕ್ಕೆ ಇನ್ನೂ ಸಮಯ ಉಂಟು. ಆದರೆ ಈ ಮನೆಯಿಂದ ಒಂದು ಪಾತ್ರೆಯೂ ಆ ಕಚೇರಿಗೆ ಹೋಗುವುದಿಲ್ಲ" ಎಂದು ರುಕಯ್ಯಾ ಎದ್ದಳು.

ಹಬ್ಬವೆಂದರೆ ಹರೀದ್ ಮೀನಿನದು. ವಸಂತದಲ್ಲಿ ಹಸಿರುನೀಲಿ ಮೀನುಗಳು ಹಿಂಡುಹಿಂಡಾಗಿ ದಡಕ್ಕೆ ಬರುತ್ತವೆ. ದ್ವೀಪದ ಗಂಡಸರೆಲ್ಲ ಬಲೆ ಹಿಡಿದು ನೀರಿಗೆ ನುಗ್ಗುತ್ತಾರೆ. ಅದೇ ದಿನ ಹೊಸ ಕಚೇರಿಯ ಪ್ರವೇಶ, ಅತಿಥಿಗಳಿಗೆ ಊಟ.

ಪಾಠ ಶುರುವಾಯಿತು. ಪೊಡಿಯಬ್ಬ ಈರುಳ್ಳಿಗೆ ಅತ್ತ, ಮೆಣಸಿಗೆ ಕೆಮ್ಮಿದ, ಮೀನಿನ ಪೊರೆ ತೆಗೆಯಲು ಹೋಗಿ ಗಡ್ಡದ ತುಂಬ ಅಂಟಿಸಿಕೊಂಡ. ದ್ವೀಪದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಉಡುಪಿಯ ನಳಿನಾಕ್ಷಿ ಅವನ ಕೊಯ್ದ ಬೆರಳಿಗೆ ಬ್ಯಾಂಡೇಜು ಸುತ್ತಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು.

"ಎಂತ ಪೊಡಿಯಬ್ಬಾಕ, ಮೀನು ನಿಮ್ಮನ್ನು ಹೆಚ್ಚಿದ್ದಾ?"

"ನಗಿ, ಎಲ್ಲರೂ ನಗಿ! ಉಪ್ಪು ಎಷ್ಟು ಅಂತ ಕೇಳಿದರೆ ಇವಳು 'ಬೇಕಾದಷ್ಟು' ಅಂತಾಳೆ. ಬೇಕಾದಷ್ಟು ಅಂದರೆ ಎಷ್ಟು ಮಾರಾಯ್ತಿ? ಎಂಜಿನ್ನಿಗೆ ಎಣ್ಣೆ ಹಾಕಲಿಕ್ಕಾದರೂ ಒಂದು ಗೆರೆ ಇರ್ತದೆ!"

"ನಾಲಿಗೆಯೇ ಗೆರೆ. ರುಚಿ ನೋಡಿ" ಎಂದಳು ರುಕಯ್ಯಾ. ಕೈಕಟ್ಟಿ ಕುಳಿತಿರುವುದು ಕೆಲಸ ಮಾಡುವುದಕ್ಕಿಂತ ಕಷ್ಟವೆಂದು ಅವಳಿಗೆ ಗೊತ್ತಾದದ್ದೂ ಆಗಲೇ. ಸಾರು ಉಕ್ಕುವಾಗ ಕೈ ತಾನಾಗಿ ಸೌಟಿನತ್ತ ಹೋಗುತ್ತಿತ್ತು. ಅದನ್ನು ಹಿಂದಕ್ಕೆಳೆದು ಮಡಿಲಲ್ಲಿ ಒತ್ತಿಹಿಡಿಯುತ್ತಿದ್ದಳು.

ಹಬ್ಬದ ದಿನ ಅಮೀರರ ತಾಯಿ ದ್ವೀಪದ ಹೆಂಗಸರನ್ನೂ ಊಟಕ್ಕೆ ಕರೆಸಿದ್ದರು. ಹೊಸ ಮಜ್ಲಿಸಿನ ಪಕ್ಕದ ಕೋಣೆ. ನಡುವೆ ಮರದ ಜಾಲರಿ, ಅದಕ್ಕೆ ಪರದೆ. ಅಷ್ಟು ವರ್ಷಗಳಲ್ಲಿ ರುಕಯ್ಯಾ ಆ ಕಚೇರಿಯ ಊಟಕ್ಕೆ ಕುಳಿತದ್ದು ಅದೇ ಮೊದಲು. ನಳಿನಾಕ್ಷಿಯ ಪಕ್ಕ ಜಾಗ ಹಿಡಿದಳು. ದೊಡ್ಡ ತಟ್ಟೆಗಳು ಬಂದವು. ಅವಳು ಒಂದು ತುತ್ತು ಬಾಯಿಗಿಟ್ಟಳು. ಉಪ್ಪು! ಅನ್ನ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಅಕ್ಕಿ.

ಜಾಲರಿಯ ಆಚೆ ಗದ್ದಲ ತಗ್ಗಿತು. ಯಾರೋ ಕೆಮ್ಮಿದರು. ಆಮೇಲೆ ಅಮೀರರ ದನಿ: "ಪೊಡಿಯಬ್ಬನನ್ನು ಕರೆಯಿರಿ."

ಕರೆದರು. ಬಂದ.

"ಏನಪ್ಪಾ, ನಿನ್ನ ಕೈಗೆ ಏನಾಯಿತು? ಹಳೆಯ ಮನೆಯಲ್ಲಿ ಬೆರಳು ನೆಕ್ಕುತ್ತಿದ್ದೆವು."

ನಳಿನಾಕ್ಷಿ ರುಕಯ್ಯಾಳ ಮೊಣಕೈ ಹಿಡಿದುಕೊಂಡಳು. ಅವನೀಗ ನಗುತ್ತಾನೆ ಎಂದುಕೊಂಡಳು ರುಕಯ್ಯಾ. ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು.

"ಅಮೀರರೇ, ಅದು ನನ್ನ ಕೈ ಆಗಿರಲಿಲ್ಲ. ಇಷ್ಟು ವರ್ಷ ನಿಮಗೆ ಬಡಿಸಿದ್ದು ಝೊಹರಾಳ ತಾಯಿ."

ಆಚೆ ಒಂದು ಗುಸುಗುಸು ಎದ್ದು ಅಡಗಿತು. ಅಮೀರರು ಜೋರಾಗಿ ನಕ್ಕರು. ಆ ನಗೆಯಲ್ಲಿ ಕೋಪವಿರಲಿಲ್ಲ. "ಮೊದಲೇ ಹೇಳಬಾರದಿತ್ತೇ? ಝೊಹರಾಳ ತಾಯಿಗೆ ಅಲ್ಲಾಹನು ಒಳ್ಳೆಯದು ಮಾಡಲಿ. ಹಾಗಾದರೆ ಚಿಂತೆ ಯಾಕೆ? ಇನ್ನು ಮೇಲೂ ಆ ತಾಯಿಯೇ ಮನೆಯಲ್ಲಿ ಮಾಡಲಿ. ದಿನಾ ಸಾಯಂಕಾಲ ಕಚೇರಿಯ ವಾಹನವನ್ನೇ ಕಳಿಸುತ್ತೇನೆ."

ಒಳ್ಳೆಯ ಮನಸ್ಸಿನ ಮಾತೇ. ರುಕಯ್ಯಾ ಮಾತ್ರ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಹೊಗಳಿಕೆ ಬಂತು, ಬೆನ್ನಿಗೇ ಅಗಲವಾದ ಹಂಡೆಯೂ ಬಂತು. ಇಲ್ಲವೆನ್ನುವ ಧೈರ್ಯ ಗಂಡನಿಗೆಲ್ಲಿಯದು? ಅಮೀರರೆದುರು ಜನರೇಟರ್ ಕೆಟ್ಟಿದೆ ಎನ್ನಲೂ ಹೆದರುತ್ತಿದ್ದವನು.

"ಆಗುವುದಿಲ್ಲ ಅಮೀರರೇ." ಅದು ಪೊಡಿಯಬ್ಬನ ದನಿಯೇ. "ಅವಳಿಗೆ ಸಾಯಂಕಾಲ ಶಾಲೆ ಉಂಟು."

"ಶಾಲೆಯೇ?"

"ಹೌದು. ಅಡುಗೆ ಈಗ ನನ್ನದು. ನನ್ನ ಕೈ ಹದಕ್ಕೆ ಬರುವ ತನಕ ನೀವು ಸ್ವಲ್ಪ ಸಹಿಸಬೇಕು. ಸಾಧ್ಯವಿಲ್ಲವೆಂದರೆ ನನ್ನನ್ನು ಊರಿಗೆ ಕಳಿಸಿ. ಅವಳ ಪಾತ್ರೆ ಮಾತ್ರ ಬರುವುದಿಲ್ಲ."

ನಳಿನಾಕ್ಷಿಯ ಹಿಡಿತ ಬಿಗಿಯಾಯಿತು. ಆಚೆ ಅಮೀರರು ನಿಟ್ಟುಸಿರಿಟ್ಟರು. "ಸರಿಯಪ್ಪ. ಸಹಿಸೋಣ. ಯಾರಾದರೂ ಮೊಸರು ತನ್ನಿ, ಈ ಉಪ್ಪಿಗೆ ಅದೇ ಮದ್ದು."

ಮಜ್ಲಿಸ್ ನಕ್ಕಿತು. ಈಚೆ ಅಮೀರರ ತಾಯಿ ತಮ್ಮ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿ ರುಕಯ್ಯಾಳನ್ನೇ ನೋಡಿದರು. ಅವಳು ಇನ್ನೊಂದು ತುಂಡು ಮೀನು, ಅದರ ಮೇಲೆ ಸಾರು ಹಾಕಿಕೊಳ್ಳುತ್ತಿದ್ದಳು.

"ನಿನಗೆ ನಿಜವಾಗಿಯೂ ರುಚಿಸಿತೇ ಮಗಳೇ?"

"ಇಲ್ಲಮ್ಮ, ಉಪ್ಪೋ ಉಪ್ಪು" ಎಂದಳು ರುಕಯ್ಯಾ, ಬಾಯಿ ತುಂಬಿಕೊಂಡು. "ಆದರೆ ನಾನು ಮಾಡಿದ್ದಲ್ಲ ನೋಡಿ."